ಜಲೀಲನ ಹೂಂ

ಕೆರಿಯಪ್ಪ ಮೀಟರು ಓದುವುದೆಂದರೆ ಅದೊಂದು ಬಗೆಯ ಪಾರಾಯಣವೇ ಆಗಿತ್ತು. ಶಿರಸಿಯ ಹುಬ್ಬಳ್ಳಿ ರಸ್ತೆಯಲ್ಲಿ ವೆಂಕಟ್ರಮಣ ಹೆಗಡೆಯವರ ಸ್ಟೆಬಿಲೈಜರ್ ಕಾರ್ಖಾನೆ. ಕಾರ್ಖಾನೆ ಅಂದರೆ ಮಂಗಳೂರು ಹಂಚಿನ ಒಂದು ಉದ್ದ ಕೋಣೆ, ಏಳು ಜನ. ಕರೆಂಟು ಏರಿಳಿದರೆ ಟೀವಿ, ಫ್ರಿಜ್ಜು ಸುಡದಂತೆ ಕಾಯುವ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತಿದ್ದವು. ತಯಾರಾದ ಒಂದೊಂದನ್ನೂ ಬೆಂಚಿಗೆ ಏರಿಸಿ ಪರೀಕ್ಷೆ ಮಾಡುವವನು ಕೆರಿಯಪ್ಪ. ಎಡಗೈಯಲ್ಲಿ ಡಿಮ್ಮರಿನ ಹಿಡಿ ತಿರುಗಿಸಿ ಒಳಗೆ ಹೋಗುವ ಕರೆಂಟನ್ನು ಹತ್ತು ಹತ್ತು ವೋಲ್ಟು ಏರಿಸುವುದು, ಪೆಟ್ಟಿಗೆಯೊಳಗೆ ಕರೆಂಟಿನ ದಾರಿ ಬದಲಿಸುವ ರಿಲೇ ‘ಟಕ್’ ಅನ್ನುವ ತನಕ ಕಾಯುವುದು, ಹೊರಗೆ ಬರುವ ಕರೆಂಟನ್ನು ತೋರಿಸುವ ಮೀಟರಿನ ಅಂಕಿಗಳು ಕುಣಿದು ಸುಸ್ತಾಗಿ ನಿಲ್ಲುವ ತನಕ ಇನ್ನೊಂದು ಚೂರು ಕಾಯುವುದು, ಆಮೇಲೆ ದನಿ ಎಳೆದು ಓದುವುದು.

“ನೂರಾ ಎಂಬತ್ತಕ್ಕೇ… ಇನ್ನೂರಾ ಹದಿನಾರೂ…”

ಎದುರಿನ ಸ್ಟೂಲಿನ ಮೇಲೆ ಕೂತ ಜಲೀಲ್ ಅದನ್ನು ಕಾರ್ಡಿನಲ್ಲಿ ಬರೆದು, “ಹೂಂ” ಅನ್ನುವನು. ಆ ಹೂಂ ಬೀಳದೆ ಕೆರಿಯಪ್ಪನ ಕೈ ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲ. ಹನ್ನೆರಡು ವರ್ಷ ಹೀಗೇ ನಡೆದಿತ್ತು.

ಇದನ್ನು ಯಾರೂ ಅವನಿಗೆ ಕಲಿಸಿದ್ದಲ್ಲ. ಅವನು ಸಿದ್ದಾಪುರದ ಕಡೆಯ ಬಿಳಗಿಯವನು. ಶ್ರಾವಣದಲ್ಲಿ ಗುಡಿಯ ಜಗುಲಿಯಲ್ಲಿ ಪುರಾಣ ಓದಿಸುತ್ತಿದ್ದರು. ಓದುವವರು ಒಂದು ಪದ್ಯ ಮುಗಿಸಿ ತಲೆ ಎತ್ತಿ ನೋಡುವರು. ಕೂತವರಲ್ಲಿ ಒಬ್ಬರಾದರೂ ಹೂಂ ಅನ್ನಬೇಕು, ಇಲ್ಲದಿದ್ದರೆ ಪುಟ ತಿರುಗುವುದಿಲ್ಲ. ಕೇಳುವವನಿಲ್ಲದ ಓದು ದೇವರಿಗೂ ಮುಟ್ಟುವುದಿಲ್ಲವೆಂದು ಅವರ ನಂಬಿಕೆ. ಕಂಬಕ್ಕೆ ಒರಗಿ ಕೂತು ಕೇಳುತ್ತಲೇ ಬೆಳೆದ ಕೆರಿಯಪ್ಪ ಮಾತಿನಲ್ಲಿ ಜಿಪುಣ. ಅವನ ದನಿ ಹೊರಗೆ ಬರುತ್ತಿದ್ದುದು ಮೀಟರಿನ ಮುಂದೆ ಮಾತ್ರ, ಅದೂ ಜಲೀಲನಿಗಾಗಿ.

ಜಲೀಲನ ಅಸಲು ಕೆಲಸ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವುದು. ಬೆಳಿಗ್ಗೆ ಸುತ್ತು, ಮಧ್ಯಾಹ್ನ ಬರಹ. ಅವನು ಸುತ್ತಿದ ಸುರುಳಿಯಲ್ಲಿ ಒಂದು ಎಳೆ ಇನ್ನೊಂದರ ಮೇಲೆ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ಎರಡು ಸಾವಿರದ ಒಂದನೇ ಇಸವಿಯ ಚೌತಿ ಕಳೆದ ಮೇಲೆ ಹೆಗಡೆಯವರು ಬೆಂಗಳೂರಿನಿಂದ ಹೊಸ ಮೀಟರು ತಂದರು. ಕೈಯಲ್ಲಿ ಹಿಡಿಯುವಂಥದ್ದಲ್ಲ, ರೇಡಿಯೋದಷ್ಟು ದಪ್ಪ, ಬೆಂಚಿನ ಮೇಲೆ ಕೂರುವಂಥದ್ದು. ಹಸಿರು ಬೆಳಕಿನ ಆರು ಅಂಕಿ. ಹಿಂದುಗಡೆ ಕಂಪ್ಯೂಟರಿನ ತಂತಿ ಸಿಕ್ಕಿಸುವ ಬಾಯಿ. ದೊಡ್ಡ ಗಿರಾಕಿಗಳು ಈಗ ಪ್ರತಿ ಪೆಟ್ಟಿಗೆಗೂ ಅಚ್ಚಾದ ವರದಿ ಕೇಳುತ್ತಾರಂತೆ, ಕಾರ್ಡಿನ ಕೈಬರಹ ನಡೆಯುವುದಿಲ್ಲವಂತೆ. ಮೊದಲ ದಿನ ಕೆರಿಯಪ್ಪ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಇಷ್ಟು ಚಂದದ ಅಂಕಿಗಳನ್ನು ತಾನೇ ಓದುವುದು ಎಂದುಕೊಂಡಿದ್ದ.

ಮೂರನೇ ದಿನಕ್ಕೆ ನಮಿತಾ ಬಂದಳು. ಯಲ್ಲಾಪುರ ತಾಲೂಕಿನ ಇಡಗುಂದಿಯ ಹುಡುಗಿ, ಹೆಗಡೆಯವರಿಗೆ ದೂರದ ನೆಂಟಳು, ಎಲೆಕ್ಟ್ರಾನಿಕ್ಸ್ ಓದಿದವಳು. ಬಂದವಳೇ ಮೀಟರಿಗೂ ಕಂಪ್ಯೂಟರಿಗೂ ಒಂದು ಬೂದು ತಂತಿ ಕಟ್ಟಿ, ಎರಡು ದಿನ ತಲೆ ತಗ್ಗಿಸಿ ಟೈಪು ಮಾಡಿದಳು. ಆಮೇಲೆ ಎಲ್ಲರನ್ನೂ ಕರೆದು ತೋರಿಸಿದಳು.

“ಈಗ ನಾವು ಮೀಟರಿನ ಗುಂಡಿ ಒತ್ತೋದೇ ಬ್ಯಾಡ. ಇಲ್ಲಿಂದ ಕೇಳಿದ್ರೆ ಅದು ಹೇಳ್ತದೆ.”

ಅವಳು ಒಂದು ಸಾಲು ಬರೆದು ಒತ್ತಿದಳು. ಮೀಟರಿನ ಮೂಲೆಯಲ್ಲಿ ರಿಮೋಟ್ ಎಂಬ ಸಣ್ಣ ಗುರುತು ಹೊತ್ತಿತು. ಆ ಕ್ಷಣಕ್ಕೇ ಹಸಿರು ಅಂಕಿಗಳು ಆರಿಹೋದವು.

ಕೆರಿಯಪ್ಪ ಬೆಚ್ಚಿದ. “ಕೆಟ್ಟೋತಾ?”

“ಇಲ್ಲ ಕೆರಿಯಪ್ಪಣ್ಣ, ನಾನೇ ಆರಿಸಿದ್ದು. ಮುಖದ ಮೇಲೆ ತೋರಿಸ್ತಾ ಕೂತ್ರೆ ಅದಕ್ಕೆ ಹೊತ್ತು ಬೇಕಲ. ಆರಿಸಿದ್ರೆ ಬೇಗ ಬೇಗ ಹೇಳ್ತದೆ.”

ಕೆರಿಯಪ್ಪ ಮೀಟರಿನ ಗುಂಡಿಯೊಂದನ್ನು ಒತ್ತಿ ನೋಡಿದ. ಅದು ಕೇಳಲಿಲ್ಲ. ಇನ್ನೊಂದನ್ನು ಒತ್ತಿದ. ಹೆಗಡೆಯವರು ನಕ್ಕರು. “ಅದೀಗ ನಮ್ಮ ಮಾತು ಕೇಳೂದಿಲ್ಲ ಮಾರಾಯ. ಕಂಪ್ಯೂಟರಿನ ಮಾತು ಮಾತ್ರ.”

ಹೊಸ ಕ್ರಮ ಹೀಗಾಯಿತು. ಕಂಪ್ಯೂಟರು ಪರದೆಯ ಮೇಲೆ ‘ನೂರಾ ಎಂಬತ್ತು’ ಎಂದು ತೋರಿಸುವುದು. ಕೆರಿಯಪ್ಪ ಡಿಮ್ಮರು ತಿರುಗಿಸಿ ಅಲ್ಲಿಗೆ ತರುವುದು. ಕಂಪ್ಯೂಟರಿನ ಮುಂದೆ ಕೂತವರು ಒಂದು ಕೀಲಿ ಒತ್ತಿದರೆ ಅದು ಮೀಟರನ್ನು ಕೇಳಿ, ಉತ್ತರವನ್ನು ತಾನೇ ಬರೆದುಕೊಳ್ಳುವುದು. ಓದುವ ಕೆಲಸ ಇಲ್ಲ. ಬರೆಯುವ ಕೆಲಸವೂ ಇಲ್ಲ. ಹಾಗಾಗಿ ಕೀಲಿ ಒತ್ತಲು ಹೆಗಡೆಯವರು ಜಲೀಲನನ್ನು ಹಾಕಿದರು.

ಜಲೀಲ್ ತನ್ನ ಸ್ಟೂಲನ್ನು ತಾನೇ ಎತ್ತಿಕೊಂಡು ಕಂಪ್ಯೂಟರಿನ ಬದಿಗೆ ಹೋದ. ಕೆರಿಯಪ್ಪನ ಎದುರಿಗೆ ಸ್ಟೂಲಿನ ನಾಲ್ಕು ಕಾಲು ಊರಿದ್ದ ಗುರುತು ನೆಲದ ಮೇಲೆ ಉಳಿಯಿತು.

ಮೊದಲ ದಿನ ಹೇಗೋ ಕಳೆಯಿತು. ಎರಡನೇ ದಿನ ಆ ಬದಿಯಿಂದ ನಗು ಕೇಳಿತು. ಜಲೀಲ್ ಯಾವುದೋ ಕೀಲಿ ತಪ್ಪಿ ಒತ್ತಿದ್ದನಂತೆ.

“ಚಾಚಾ, ಅಷ್ಟು ಜೋರಾಗಿ ಗುದ್ದಬ್ಯಾಡಿ. ಅದು ಮೊಳೆ ಅಲ್ಲ.”

“ನನ್ ಬೆರಳು ತಂತಿ ಎಳ್ದೂ ಎಳ್ದೂ ದಪ್ಪ ಆಗಿದಾವೆ ಬೇಟಿ. ಒಂದು ಕೀಲಿ ಒತ್ತಿದ್ರೆ ಎರಡು ಒತ್ತಿಹೋಗ್ತದೆ.”

ಚಾಚಾ! ಬೇಟಿ! ಎರಡು ದಿನದಲ್ಲಿ. ಕೆರಿಯಪ್ಪನ ಬಾಯಿಂದ ‘ಜಲೀಲ್ ಭಾಯ್’ ಹೋಗಿ ‘ಜಲೀಲ’ ಬರಲು ಮೂರು ವರ್ಷ ಬೇಕಾಗಿತ್ತು. ಅವನು ಡಿಮ್ಮರಿನ ಹಿಡಿಯನ್ನು ಬಟ್ಟೆಯಿಂದ ಗಸಗಸ ಒರೆಸಿದ. ಮಧ್ಯಾಹ್ನದ ಚಹಾಕ್ಕೆ ಜಲೀಲ್ ಕರೆದಾಗ, “ನೀ ಹೋಗು. ನಿನ್ ಗುರುಗಳು ಕಾಯ್ತಿರ್ತಾರೆ” ಅಂದ.

“ಎಂತಾ ಆಯ್ತೋ ನಿಂಗೆ?”

“ಎಂತದೂ ಆಗ್ಲಿಲ್ಲ. ದೊಡ್ಡ ಮನಷ್ಯ ಆದೆ ನೀನು. ಕಂಪ್ಯೂಟರ್ ಸಾಯಬ್ರು.”

ಜಲೀಲ್ ಅವನ ಮುಖವನ್ನು ಒಂದು ಗಳಿಗೆ ನೋಡಿ, ಹೆಗಲು ಕುಣಿಸಿ ಹೋದ.

ಮಂಗಳವಾರ ಕೆರಿಯಪ್ಪನಿಗೆ ಒಂದು ವಿಷಯ ಹೊಳೆಯಿತು. ಅವನು ನೂರಾ ಎಂಬತ್ತಕ್ಕೆ ಡಿಮ್ಮರು ತಂದು ಕೈ ತೆಗೆದ. ಜಲೀಲ್ ಕೀಲಿ ಒತ್ತಿದ. ಆಮೇಲೆ ಪೆಟ್ಟಿಗೆಯೊಳಗೆ ರಿಲೇ ಟಕ್ ಅಂದಿತು.

ಆಮೇಲೆ! ಟಕ್ ಅನ್ನುವ ಮೊದಲೇ ಕಂಪ್ಯೂಟರು ಕೇಳಿಬಿಟ್ಟಿತ್ತು, ಮೀಟರು ಹೇಳಿಬಿಟ್ಟಿತ್ತು. ರಿಲೇಗಳಲ್ಲಿ ಕೆಲವು ಚುರುಕು, ಕೆಲವು ಸೋಮಾರಿ. ಸೋಮಾರಿ ರಿಲೇ ಬದಲಾಗುವ ಮೊದಲು ಓದಿದರೆ ಇನ್ನೂರಾ ನಲವತ್ಮೂರು ತೋರಿಸುತ್ತದೆ, ಬದಲಾದ ಮೇಲೆ ಇನ್ನೂರಾ ಹದಿನಾರು. ಮೀಟರಿನ ಮುಖದಲ್ಲಿ ಬೆಳಕಿದ್ದರೆ ಅಂಕಿ ಕುಣಿಯುವುದು ಯಾರಿಗಾದರೂ ಕಂಡೀತು. ಆದರೆ ಅದರ ಮುಖ ಕಪ್ಪು. ಕಿವಿಯಿದ್ದವನು ಕೆರಿಯಪ್ಪ ಒಬ್ಬನೇ.

ಹೇಳಲು ಬಾಯಿ ತೆರೆದ. ಆಗಲೇ ಪರದೆ ಕೆಂಪಾಗಿ ‘ಫೇಲ್’ ಎಂದು ತೋರಿಸಿತು. ನಮಿತಾಳ ಹುಬ್ಬು ಗಂಟಿಕ್ಕಿತು. ಕೆರಿಯಪ್ಪ ಬಾಯಿ ಮುಚ್ಚಿಕೊಂಡ. ಸೋಲಲಿ. ನಾಲ್ಕು ದಿನ ಸೋತರೆ ಬೂದು ತಂತಿ ಬಿಚ್ಚುತ್ತಾರೆ, ಸ್ಟೂಲು ತನ್ನ ಗುರುತಿಗೆ ವಾಪಸು ಬರುತ್ತದೆ.

ಬುಧವಾರದ ಸಂಜೆಗೆ ಹನ್ನೊಂದು ಪೆಟ್ಟಿಗೆ ಫೇಲಾದವು. ನಮಿತಾ ಗುರುವಾರ ಬೆಳಿಗ್ಗೆ ಹೆಗಡೆಯವರ ಹತ್ತಿರ ತಮ್ಮ ಹವ್ಯಕ ಮನೆಮಾತಿನಲ್ಲಿ ಹೇಳಿದ್ದು ಕೆರಿಯಪ್ಪನಿಗೂ ಕೇಳಿತು.

“ಮಾವ, ಎಂತಕ್ಕೋ ಸರಿ ಬತ್ತಿಲ್ಲೆ. ಆನು ಪ್ರೋಗ್ರಾಮು ಮೂರು ಸಲ ನೋಡಿದಿ. ಒಂದೇ ಸಮ ಇಪ್ಪ ಕರೆಂಟಿಗೆ ಕೇಳಿರೆ ಸರೀ ಹೇಳ್ತು.”

ಹೆಗಡೆಯವರು ಅಚ್ಚಾದ ಹಾಳೆಗಳನ್ನು ತಿರುವಿದರು. ಎಲ್ಲದರಲ್ಲೂ ಇರಬೇಕಾದ್ದಕ್ಕಿಂತ ಹೆಚ್ಚು, ಇನ್ನೂರಾ ನಲವತ್ತರ ಮೇಲೆ. ಪಾಯಿಂಟ್ ಆದಮೇಲೆ ಮೂರು ಅಂಕಿ. ಅಷ್ಟು ನಿಖರವಾಗಿ ಬರೆದದ್ದು ಸುಳ್ಳು ಹೇಳೀತೆಂದು ಅವರಿಗೆ ಅನ್ನಿಸಲಿಲ್ಲ. ತಂತಿಯ ಸುತ್ತು ಹೆಚ್ಚಾದರೆ ವೋಲ್ಟೂ ಹೆಚ್ಚುತ್ತದೆ ಎಂದು ಜಲೀಲನನ್ನು ಕರೆದರು.

“ಜಲೀಲಾ, ಸುತ್ತು ಹೆಚ್ಚಾಯ್ತನಾ?”

ಜಲೀಲ್ ಹಾಳೆ ನೋಡಿದ. ಇಲ್ಲ ಅನ್ನುತ್ತಾನೆ ಎಂದುಕೊಂಡ ಕೆರಿಯಪ್ಪ. ಸುತ್ತಿನ ಲೆಕ್ಕದಲ್ಲಿ ದೇವರು ಬಂದು ಹೇಳಿದರೂ ತಪ್ಪೊಪ್ಪುವವನಲ್ಲ ಅವನು. ಆದರೆ ಜಲೀಲ್ ತಲೆ ತಗ್ಗಿಸಿದ.

“ಆಗಿರಬೇಕು ಹೆಗಡೇರೆ. ಮನಸ್ಸೆಲ್ಲ ಇದರ ಮೇಲಿತ್ತು. ಕೈ ಸುತ್ತತಿತ್ತು, ತಲೆ ಇಲ್ಲಿ ಕೀಲಿ ಒತ್ತತಿತ್ತು. ಬಿಚ್ಚಿ ಮತ್ತೆ ಸುತ್ತತೇನೆ.”

ಶುಕ್ರವಾರ ಕೆರಿಯಪ್ಪ ಎಂದಿನಂತೆ ಬೆಂಚಿಗೆ ಊದುಬತ್ತಿ ಹಚ್ಚಿದ, ಕೈ ಮುಗಿಯಲು ಹೋದರೆ ಕೈ ಅರ್ಧಕ್ಕೇ ನಿಂತಿತು. ಜಲೀಲ್ ಮಧ್ಯಾಹ್ನ ನಮಾಜು ಮುಗಿಸಿ ಬಂದವನು ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಮೂಲೆಯಲ್ಲಿ ಕೂತ. ಮೊದಲನೇ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಎಳೆದ. ಆಮೇಲೆ ತಂತಿಯ ತುದಿ ಹಿಡಿದು ಬಿಚ್ಚತೊಡಗಿದ. ತಾಮ್ರ ಅವನ ಕಾಲ ಬಳಿ ಗುಂಗುರಾಗಿ ಬಿದ್ದು ರಾಶಿಯಾಯಿತು. ಒಂದು ಎಳೆಯೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ಅವನು ತುಟಿ ಅಲ್ಲಾಡಿಸುತ್ತ ಸುತ್ತು ಎಣಿಸುತ್ತಿದ್ದ. ಎಣಿಸಿ ಮುಗಿದಾಗ ಕೈ ನಿಂತಿತು.

“ಲೆಕ್ಕ ಸರಿಯಾಗೇ ಅದೆ” ಎಂದು ತನಗೇ ಹೇಳಿಕೊಂಡ. ತಂತಿ ಸುತ್ತುವ ಖಾಲಿ ಬಾಬಿನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. “ಹಂಗಾರೆ ಎಣಿಸೂದೂ ಮರೆತೋತು ನಂಗೆ.”

ಅವನು ಎರಡನೆಯದಕ್ಕೆ ಕೈ ಹಾಕಿದ.

ಕೆರಿಯಪ್ಪ ಎದ್ದ. ಈಗ ಹೇಳಿದರೆ ಆ ಹುಡುಗಿ ಒಂದು ಗಳಿಗೆಯಲ್ಲಿ ಸರಿಮಾಡುತ್ತಾಳೆ, ಮತ್ತೆ ಕಂಪ್ಯೂಟರು ತಪ್ಪುವುದೇ ಇಲ್ಲ, ಸ್ಟೂಲು ಆ ಬದಿಗೇ ಉಳಿಯುತ್ತದೆ. ಇದೆಲ್ಲ ಅವನಿಗೆ ನಿಚ್ಚಳವಾಗಿ ಗೊತ್ತಿತ್ತು. ಆದರೂ ಕಾಲು ಹೋಗಿ ಮೂಲೆಯಲ್ಲಿ ನಿಂತಿತು.

“ಅದನ್ನ ಬಿಚ್ಚಬ್ಯಾಡ. ಇಲ್ಲಿ ಕೊಡು.”

“ಫೇಲಾಗಿದ್ದೋ ಅದು.”

“ಕೊಡು ಅಂದೆ.”

ಕೆರಿಯಪ್ಪ ಅದನ್ನು ಪೆಟ್ಟಿಗೆಗೆ ಜೋಡಿಸಿ ಬೆಂಚಿಗೆ ಏರಿಸಿ ನಮಿತಾಳನ್ನು ಕರೆದ. “ಅಮ್ಮಾ, ನೀವು ಕೂತ್ಕಳಿ ಅಲ್ಲಿ. ನಾನು ಹೇಳೂ ತನಕ ಒತ್ತಬ್ಯಾಡಿ.” ಡಿಮ್ಮರನ್ನು ನೂರಾ ಎಂಬತ್ತಕ್ಕೆ ತಂದು ಕೈ ತೆಗೆದ. ನಮಿತಾಳ ಬೆರಳು ಕೀಲಿಯ ಮೇಲೆ ತಡಬಡಿಸಿತು. ಕೆರಿಯಪ್ಪ ಅಂಗೈ ಎತ್ತಿ ತಡೆದ. ಪೆಟ್ಟಿಗೆ ಟಕ್ ಅಂದಿತು. ಅವನು ಇನ್ನೊಂದು ಉಸಿರು ಬಿಟ್ಟ.

“ಈಗ ಕೇಳಿ.”

ಇನ್ನೂರಾ ಹದಿನಾರು. ಪರದೆ ಹಸಿರಾಯಿತು.

ನಮಿತಾ ಹಣೆ ಬಡಿದುಕೊಂಡಳು. “ಅಯ್ಯ! ಕಾಯೋದನ್ನೇ ನಾನು ಅದಕ್ಕೆ ಹೇಳಿಕೊಟ್ಟಿಲ್ಲ. ಕೆರಿಯಪ್ಪಣ್ಣ, ನಿಮಗೆ ಹ್ಯಾಂಗೆ ಗೊತ್ತಾತು?”

“ಕೇಳ್ತದಲ್ಲ.”

ಜಲೀಲ್ ಕಾಲ ಬಳಿಯ ತಾಮ್ರದ ರಾಶಿ ದಾಟಿಕೊಂಡು ಬಂದ. “ಯಾವತ್ತಿಂದ ಕೇಳ್ತದೆ ನಿಂಗೆ?”

ಕೆರಿಯಪ್ಪ ಡಿಮ್ಮರಿನ ಹಿಡಿಯನ್ನೇ ನೋಡುತ್ತ ಹೇಳಿದ. “ಮಂಗಳವಾರದಿಂದ.”

ಜಲೀಲನ ದವಡೆ ಬಿಗಿಯಿತು.

“ಮಂಗಳವಾರದಿಂದ. ನಾನು ಹೆಗಡೇರ ಮುಂದೆ ತಲೆ ತಗ್ಗಿಸ್ದಾಗ್ಲೂ ಕೇಳ್ತಿತ್ತು.”

“ಹೂಂ.”

“ಯಾಕೋ?”

ಕೆರಿಯಪ್ಪ ನೆಲದ ಮೇಲಿನ ನಾಲ್ಕು ಗುರುತುಗಳನ್ನು ತೋರಿಸಿದ. ಅಷ್ಟೇ. ಜಲೀಲ್ ಆ ಗುರುತು ನೋಡಿದ, ಸ್ಟೂಲು ನೋಡಿದ, ಕೆರಿಯಪ್ಪನ ಮುಖ ನೋಡಿದ.

“ಥೂ ನಿನ್ನ! ಮದುವೆಯಾದ ಹೆಂಗ್ಸೂ ಇಷ್ಟು ಹೊಟ್ಟೆ ಉರ್ಕಳೂದಿಲ್ಲ” ಅಂದ. ನಗಲಿಲ್ಲ. ಕೆರಿಯಪ್ಪನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಸುತ್ತುವ ಯಂತ್ರದ ಮುಂದೆ ಕೂರಿಸಿದ. “ಬಿಚ್ಚಿದ್ದನ್ನ ನೀನೇ ಸುತ್ತು. ನಾನು ಎಣಿಸ್ತೇನೆ. ನೀ ಹೂಂ ಅನ್ನು. ಒಂದು ಹೂಂ ತಪ್ಪಿದ್ರೂ ಮೊದಲಿಂದ.”

ಸಂಜೆಯ ತನಕ ಕೆರಿಯಪ್ಪ ಹೊಸ ತಂತಿ ಸುತ್ತಿದ. ಹತ್ತು ಸುತ್ತಿಗೊಮ್ಮೆ ಜಲೀಲ್ ಒರಟು ದನಿಯಲ್ಲಿ ಎಣಿಕೆ ಹೇಳುವನು, ಕೆರಿಯಪ್ಪ ಹೂಂ ಅನ್ನುವನು. ಎಳೆಯ ಮೇಲೆ ಎಳೆ ಹತ್ತಿತು. ಮೂರು ಸಲ ಬಿಚ್ಚಿಸಿದ ಜಲೀಲ್.

ಅಷ್ಟರಲ್ಲಿ ನಮಿತಾ ಪ್ರೋಗ್ರಾಮಿಗೆ ಕಾಯುವುದನ್ನು ಕಲಿಸಿದಳು. ಎಷ್ಟು ಹೊತ್ತು ಕಾಯಬೇಕೆಂದು ಕೇಳಿದಾಗ ಕೆರಿಯಪ್ಪ ಸುತ್ತುತ್ತಲೇ, “ಸೋಮಾರಿ ರಿಲೇಗೆ ಬೇಕಾದಷ್ಟು. ಮೂರು ಸೆಕೆಂಡು ಇಡಿ” ಅಂದ. ಸ್ವಲ್ಪ ತಡೆದು, “ಅಮ್ಮಾ, ಮೀಟರಿನ ಮುಖ ಹಚ್ಚಿಬಿಡಿ” ಅಂದ.

“ಹಚ್ಚಿದ್ರೆ ಚೂರು ನಿಧಾನ ಆಗ್ತದೆ.”

“ಹೆಂಗೂ ಕಾಯ್ತದಲ್ಲ ಈಗ.”

ಅವಳು ನಕ್ಕು ಒಂದು ಸಾಲು ಅಳಿಸಿದಳು. ಹಸಿರು ಅಂಕಿಗಳು ಬಂದವು.

ಸೋಮವಾರ ಉಳಿದ ಹತ್ತು ಪೆಟ್ಟಿಗೆ ಬೆಂಚಿಗೆ ಬಂದವು. ಸ್ಟೂಲು ಕಂಪ್ಯೂಟರಿನ ಬದಿಯಲ್ಲೇ ಇತ್ತು. ಜಲೀಲ್ ಶುಕ್ರವಾರದಿಂದ ಕೆರಿಯಪ್ಪನೊಡನೆ ಮಾತಾಡಿರಲಿಲ್ಲ. ಅವನು ಕೀಲಿ ಒತ್ತಿದ ಮೇಲೆ ಕಂಪ್ಯೂಟರು ಮೂರು ಸೆಕೆಂಡು ಕಾದು, ಪರದೆಯ ಮೇಲೆ ಅಂಕಿ ಮೂಡಿದ ಕೂಡಲೇ ಅವನ ಬಾಯಿಂದ ಅಭ್ಯಾಸಬಲದಿಂದ ಹೊರಟಿತು: “ಹೂಂ.”

ಕೆರಿಯಪ್ಪನ ಕೈ ಡಿಮ್ಮರಿನ ಹಿಡಿಯ ಮೇಲೇ ನಿಂತಿತು. ಸ್ಟೂಲು ಹೋಗಿತ್ತು, ಕಾಯುವುದನ್ನೂ ತಾನೇ ಹೇಳಿಕೊಟ್ಟಿದ್ದ. ಈಗ ಹೂಂ ಕೂಡ ಆ ಪರದೆಗೆ! ನೂರಾ ಐವತ್ತಕ್ಕೆ ಇನ್ನೊಂದು ಹೂಂ, ನೂರಾ ಅರವತ್ತಕ್ಕೆ ಮತ್ತೊಂದು.

ನೂರಾ ಎಂಬತ್ತಕ್ಕೆ ಡಿಮ್ಮರು ತಂದ. ಜಲೀಲ್ ಕೀಲಿ ಒತ್ತಿದ. ಕಂಪ್ಯೂಟರು ಕಾಯುತ್ತಿತ್ತು. ಟಕ್. ಮೀಟರಿನ ಮುಖದಲ್ಲಿ ಅಂಕಿಗಳು ಕುಣಿದು ನಿಂತವು. ಪರದೆ ಇನ್ನೂ ಖಾಲಿ. ಇದು ಚುರುಕು ರಿಲೇ, ಮೂರು ಸೆಕೆಂಡು ಮುಗಿಯಲು ಇನ್ನೂ ಒಂದು ಸಾಲು ಓದುವಷ್ಟು ಹೊತ್ತಿತ್ತು.

“ನೂರಾ ಎಂಬತ್ತಕ್ಕೇ…” ಕೆರಿಯಪ್ಪ ದನಿ ಎತ್ತಿದ, “ಇನ್ನೂರಾ ಹದಿನಾರೂ…”

ಜಲೀಲನ ಬೆನ್ನು ನೆಟ್ಟಗಾಯಿತು. ಅವನು ತಿರುಗಲಿಲ್ಲ.

“ಹೂಂ” ಅಂದ.

ಅದಾದ ಮೇಲೆ ಪರದೆಯ ಮೇಲೆ ಇನ್ನೂರಾ ಹದಿನಾರು ಮೂಡಿತು. ಅದಕ್ಕೆ ಯಾರೂ ಹೂಂ ಅನ್ನಲಿಲ್ಲ. ಕೆರಿಯಪ್ಪ ಕಂಪ್ಯೂಟರಿನ ಕಡೆ ಒಮ್ಮೆ ಓರೆಗಣ್ಣಿನಲ್ಲಿ ನೋಡಿ, ಡಿಮ್ಮರಿನ ಹಿಡಿಯನ್ನು ಮುಂದಿನ ಹತ್ತಕ್ಕೆ ತಿರುಗಿಸಿದ.