ಸ್ಟೂಲಿನ ಹಿಂದಿನ ಜಾಗ

ಗಿಟಾರಿನ ಪೆಟ್ಟಿಗೆಯ ಮೊದಲ ಕೊಕ್ಕೆ ಬಿಚ್ಚಿ ಎರಡನೆಯದಕ್ಕೆ ಬೆರಳಿಟ್ಟಿದ್ದಳು, ಅಷ್ಟರಲ್ಲಿ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಅಮ್ಮ, ಇಲ್ಲೇನು ಮಾಡ್ತಿದ್ದೀಯ? ಅಲ್ಲಿ ಜನ ನಿನ್ನ ಕೇಳ್ತಿದ್ದಾರೆ."

"ಚಿಕ್ಕಪ್ಪ ಇಲ್ವಾ?"

"ಗಾಡಿಯವನಿಗೆ ಫೋನ್ ಮಾಡ್ತಾ ಬೀದೀಲಿದ್ದಾರೆ. ಅಪ್ಪನ ಹತ್ತಿರ ನಮ್ಮವರು ಅಂತ ಯಾರೂ ಇಲ್ಲ. ಬಾ."

ಅವಳು ಕೊಕ್ಕೆಯನ್ನು ಮತ್ತೆ ಹಾಕಿದಳು. ಬೆಳಗಿನಿಂದ ಇದೇ ಆಗಿತ್ತು. ಒಮ್ಮೆ ಪಕ್ಕದ ಮನೆಯಾಕೆ ನೀರಿನ ಲೋಟ ಹಿಡಿದು ಹಿಂದೆಯೇ ಬಂದಿದ್ದಳು, ಇನ್ನೊಮ್ಮೆ ಯಾರೋ ಬಚ್ಚಲು ಹುಡುಕಿಕೊಂಡು ಬಂದಿದ್ದರು. ಸಾವಿನ ಮನೆಯಲ್ಲಿ ಅಳುವುದಕ್ಕೆ ಎಲ್ಲರೂ ಜಾಗ ಬಿಡುತ್ತಾರೆ, ಒಬ್ಬಳೇ ಇರುವುದಕ್ಕೆ ಮಾತ್ರ ಯಾರೂ ಬಿಡುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಸ್ವಲ್ಪ ಹೊತ್ತು. ವರ್ಕ್‌ಶಾಪಿನ ಬಾಗಿಲು ಹಾಕಿಕೊಂಡು, ಆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಆರು ತಂತಿಗಳನ್ನೂ ಒಂದೊಂದಾಗಿ ಮೀಟಿ ಕೇಳಬೇಕಿತ್ತು, ಅಷ್ಟೇ.

ಬೆಳಿಗ್ಗೆ ಗಂಡನ ಅಂಗಿ ಬದಲಿಸುವಾಗ ಜೇಬಿನಲ್ಲಿ ಸಿಕ್ಕಿದ ಸಣ್ಣ ಕೀಲಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ತಂತಿಯನ್ನು ಕೂದಲೆಳೆಯಷ್ಟು ಎತ್ತುವ, ಇಳಿಸುವ ಕೀಲಿ ಅದು.

ಮುಂದಿನ ಕೋಣೆಯಲ್ಲಿ ತಂತಿಯಣ್ಣ ಮಲಗಿದ್ದ. ಗಿಟಾರು ರಿಪೇರಿ ಮಾಡುವ ಅವಳ ಗಂಡನನ್ನು ಊರಿನವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಹೋಟೆಲುಗಳಲ್ಲಿ ನುಡಿಸುವವರು, ಮದುವೆಗಳಲ್ಲಿ ನುಡಿಸುವವರು, ಎಲ್ಲಿಯೂ ನುಡಿಸದೆ ಮನೆಯವರ ತಲೆ ತಿನ್ನುವವರು, ಎಲ್ಲರೂ ಗೋಡೆಗೆ ಒರಗಿ ನಿಂತಿದ್ದರು. ಒಬ್ಬೊಬ್ಬರ ಕಿವಿಯೂ ಗಿಡುಗನ ಕಣ್ಣಿನಂಥದ್ದು.

ಅವರಲ್ಲಿ ಜಡೆ ಎಂಬುವನು ಮುಂದೆ ಬಂದ. ಜಡೆ ಉದುರಿ ತಲೆ ಬೋಳಾಗಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಉದುರಿರಲಿಲ್ಲ. ಒಳಗಿದ್ದ ಗಿಟಾರು ಅವನದೇ.

"ಅಕ್ಕ, ಅಣ್ಣ ಕೊನೇದಾಗಿ ಮುಟ್ಟಿದ್ದು ನನ್ನ ಗಿಟಾರು. ಎತ್ತೋಕೆ ಮುಂಚೆ ಅದರಲ್ಲೇ ಒಂದು ನುಡಿಸ್ತೀನಿ. ನಮ್ಮವರೆಲ್ಲ ಕೇಳ್ತಿದ್ದಾರೆ."

"ಬೇಡ," ಎಂದುಬಿಟ್ಟಳು.

ಮಗಳ ಮುಖ ಕೆಂಪಾಯಿತು.

*

ಹರೆಯದಲ್ಲಿ ತಂತಿಯಣ್ಣ ದೊಡ್ಡ ದೊಡ್ಡ ಸ್ಪೀಕರುಗಳಿಗೆ ಆತುಕೊಂಡೇ ನಿಂತು ತಂತಿ ಬಿಗಿಯುತ್ತಿದ್ದವನು. ವಯಸ್ಸಾಗುತ್ತಾ ಕಿವಿ ಕೈಕೊಟ್ಟಿತು. ಮಾತು ಕೇಳಿಸುತ್ತಿತ್ತು, ಬೀದಿಯ ಹಾರ್ನ್ ಕೇಳಿಸುತ್ತಿತ್ತು. ತಂತಿ ಅದುರುವಾಗ ಕೆಳಗೆ ಗಿಟಾರಿನ ಕತ್ತಿನಲ್ಲಿ ಅಡ್ಡಲಾಗಿರುವ ಫ್ರೆಟ್ಟಿನ ಲೋಹಪಟ್ಟಿಗೆ ಸವರಿಕೊಂಡು ಹೊರಡುವ ತೆಳ್ಳನೆಯ ಕರಕರ ಮಾತ್ರ ಕೇಳಿಸದಾಯಿತು. ಆ ಕರಕರ ಬಿಡಿಸುವುದೇ ಕಸುಬಾದವನಿಗೆ ಇದಕ್ಕಿಂತ ಪೇಚು ಇನ್ನೇನಿದೆ?

"ನಿನಗೆ ಕೇಳಿಸ್ತಾ?" ಎಂದು ಒಂದು ಮಧ್ಯಾಹ್ನ ಕಳ್ಳನ ಹಾಗೆ ಕೇಳಿದ್ದ.

"ಹೂಂ, ಮೂರನೇ ತಂತೀಲಿ. ಬಾಟಲಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ."

ಅವನು ಎದ್ದು ವರ್ಕ್‌ಶಾಪಿನ ಬಾಗಿಲು ಮುಂದೆ ಮಾಡಿದ. ಆಮೇಲೆ ಹೇಳಿದ: "ಗಿರಾಕಿ ಎದುರಿಗೆ ಬಾಯಿ ಬಿಡಬೇಡ. ನನ್ನ ಹಿಂದೆ ನಿಂತ್ಕೊಂಡು ಹೆಗಲ ಮೇಲೆ ಕೈ ಇಡು. ಕರಕರ ಬಂದಾಗ ಒತ್ತು, ಸಾಕು."

ಅಂದಿನಿಂದ ಅವನ ಸ್ಟೂಲು ಗೋಡೆಯಿಂದ ಒಂದಾಳು ನಿಲ್ಲುವಷ್ಟು ಮುಂದೆ ಬಂತು. ಯಾಕೆಂದು ಕೇಳಿದವರಿಗೆ "ಬೆನ್ನಿಗೆ ಗಾಳಿ ಬೇಕು" ಎನ್ನುತ್ತಿದ್ದ. ಅವಳು ಹಿಂದೆ ನಿಲ್ಲುತ್ತಿದ್ದಳು, ಒತ್ತುತ್ತಿದ್ದಳು, ಅವನು ಕೀಲಿ ತಿರುಗಿಸುತ್ತಿದ್ದ. ಕರಕರ ಹೋದ ಮೇಲೆ ಕೈ ಸುಮ್ಮನೆ ಕೂತಿರುತ್ತಿತ್ತು. ನೋಡಿದವರು ನಗುತ್ತಿದ್ದರು. "ಅಕ್ಕನ ಕೈಗೆ ಗೋಂದು ಹಚ್ಚಿ ಅಣ್ಣನ ಹೆಗಲಿಗೆ ಅಂಟಿಸಿದ್ದಾರೆ ಕಣ್ರೋ" ಎಂದು ಜಡೆಯೇ ಎಷ್ಟು ಸಲ ಆಡಿಕೊಂಡಿದ್ದ! ಗಂಡನಿಗೆ ನಾಚಿಕೆ, ಅವಳಿಗೆ ನೆಮ್ಮದಿ. ಗುಟ್ಟು ಪ್ರೀತಿಯ ಮರೆಯಲ್ಲಿ ಚೆನ್ನಾಗಿಯೇ ಅಡಗಿತ್ತು. ಅಥವಾ ಹಾಗೆಂದು ಅವರಿಬ್ಬರೂ ನಂಬಿದ್ದರು.

ಒಂದು ದಿನ ಕಾಲು ನೋವೆಂದು, ಬೇಗ ಮುಗಿಯಲೆಂದು, ಕರಕರ ಇದ್ದರೂ ಅವಳು ಒತ್ತಲಿಲ್ಲ. ವಾರದೊಳಗೆ ಗಿಟಾರು ವಾಪಸು ಬಂತು. ಅವನು ಬೈಯಲಿಲ್ಲ.

"ಇದ್ದದ್ದನ್ನ ನೀನೇ ಇಲ್ಲ ಅಂತ ಬಿಟ್ಟರೆ, ನಾನು ಇನ್ಯಾರನ್ನ ಕೇಳಲಿ?" ಎಂದ.

*

"ಬೇಡ ಅಂದ್ರೆ ಏನಮ್ಮ?" ಮಗಳು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಅಪ್ಪನಿಗೋಸ್ಕರ ಅವರು ಒಂದು ಹಾಡು ನುಡಿಸ್ತೀನಿ ಅಂದರೆ ನಿನಗೇನು ಕಷ್ಟ?"

ಏನೆಂದು ಹೇಳುವುದು? ನಿಮ್ಮಪ್ಪನಿಗೆ ಕೇಳಿಸುತ್ತಿರಲಿಲ್ಲ ಎಂದೇ? ಮಗಳಿಗೆ ಅಪ್ಪನ ಕಿವಿ ಕೊಂಚ ಮಂದ ಎಂಬುದಷ್ಟೇ ಗೊತ್ತು.

"ನುಡಿಸಲಿ," ಎಂದಳು ಕೊನೆಗೆ. "ಆದರೆ ಸ್ಪೀಕರಿಗೆ ಹಾಕಿ ನುಡಿಸಲಿ."

"ಸ್ಪೀಕರಾ? ಹೆಣದ ಮುಂದೆ?"

"ಹೌದು. ದೊಡ್ಡದೇ ತನ್ನಿ."

ಅವಳ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಕರಕರ ಬಹುಪಾಲು ಮರದ ಹತ್ತಿರವೇ ಉಳಿಯುತ್ತದೆ, ಸ್ಪೀಕರಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಸ್ಪೀಕರಿಲ್ಲದೆ ಹಾಗೇ ನುಡಿಸಿದರೇ ಗುಟ್ಟು ರಟ್ಟು. ಆದರೆ ಟೀವಿಯ ಸದ್ದನ್ನೂ ಸಹಿಸದ ಹೆಂಗಸು ಇಂದು ಸ್ಪೀಕರು ಬೇಕೆಂದು ಹಟ ಹಿಡಿದರೆ ಜನ ಏನೆಂದುಕೊಳ್ಳಬೇಕು? ಒಳಗೆ ಬಂದ ಮೈದುನ ವಾಚು ನೋಡಿಕೊಳ್ಳುತ್ತಾ, "ಅತ್ತಿಗೆ, ಗಾಡಿ ಇನ್ನೇನು ಬಂದೇಬಿಡುತ್ತೆ, ಈಗ ಇದೆಲ್ಲ ಯಾಕೆ?" ಎಂದ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಹಿಂದಿನಿಂದ ಅಂದರು.

*

ಹಿಂದಿನ ದಿನ ಮಗಳ ಮನೆಯಿಂದ ಅವಳು ವಾಪಸು ಬರುವಷ್ಟರಲ್ಲಿ ಸಂಜೆಯಾಗಿತ್ತು. ಮೊಮ್ಮಗಳಿಗೆ ಜ್ವರವೆಂದು ಹೋದವಳು ಕೆಲವು ದಿನ ಅಲ್ಲೇ ಉಳಿದಿದ್ದಳು. "ನೀನು ಬರೋವರೆಗೂ ಯಾವುದನ್ನೂ ಮುಗಿಸಲ್ಲ" ಎಂದು ಫೋನಿನಲ್ಲಿ ಹೇಳಿದ್ದವನು, ಜಡೆಯ ಗಿಟಾರಿಗೆ ತಂತಿ ಹಾಕಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಕೂತಿದ್ದ.

"ಒಬ್ರೇ ಮಾಡಿದ್ರಾ?"

"ಯಾಕೆ, ಕೈ ನನ್ನದಲ್ವಾ?"

"ಒಂದ್ಸಲ ಮೀಟಿ, ಕೇಳ್ತೀನಿ."

"ಪ್ರಯಾಣ ಮಾಡಿ ಬಂದಿದ್ದೀಯ. ಮಲಕ್ಕೋ. ನಾಳೆ ಕೇಳಿದರಾಯ್ತು."

ಅವನ ಹುಬ್ಬು ಗಂಟಿಕ್ಕಿತ್ತು. ಅವನಿಗೂ ಅನುಮಾನವಿತ್ತೆಂದು ಅವಳಿಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಅವಳು ಕಾಫಿ ತಂದಾಗ ಅವನು ಏಳಲಿಲ್ಲ.

*

ಸ್ಪೀಕರು ಬಂತು, ಕೆಲಸಕ್ಕೆ ಬರಲಿಲ್ಲ. ತಂತಿಯಣ್ಣ ಅದರ ಹಿಂಬದಿ ಬಿಚ್ಚಿ ಅರ್ಧಕ್ಕೇ ಬಿಟ್ಟಿದ್ದ. ಊರವರ ವಸ್ತುಗಳೆಲ್ಲ ಸರಿ, ತನ್ನದು ಮಾತ್ರ ಬಿಚ್ಚಿಟ್ಟದ್ದು! ಯಾರೋ ನಕ್ಕರು, ನಕ್ಕದ್ದಕ್ಕೆ ತಾವೇ ಅತ್ತರು.

"ಸ್ಪೀಕರು ಬೇಡ ಅಕ್ಕ," ಎಂದ ಜಡೆ. "ಹಾಗೇ ನುಡಿಸ್ತೀನಿ."

ತಡೆಯಲು ಅವಳ ಬಳಿ ಇನ್ನೊಂದು ನೆಪ ಉಳಿದಿರಲಿಲ್ಲ. ಅವನು ಒಳಗಿನಿಂದ ಗಿಟಾರನ್ನೂ ತಂತಿಯಣ್ಣನ ಸ್ಟೂಲನ್ನೂ ತಂದ. ಸ್ಟೂಲನ್ನು ಗೋಡೆಗೆ ಒತ್ತಿಟ್ಟ. ಮತ್ತೆ ಏನನ್ನೋ ನೆನೆಸಿಕೊಂಡವನಂತೆ ಅದನ್ನು ಒಂದಾಳು ನಿಲ್ಲುವಷ್ಟು ಮುಂದಕ್ಕೆಳೆದು ಕೂತ.

"ಬನ್ನಿ ಅಕ್ಕ. ನಿಮ್ಮ ಜಾಗ ಬಿಟ್ಟಿದ್ದೀನಿ."

ಅವಳು ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವಂತೆ ಕೇಳಿದಳು: "ನಿಂಗೆ ಯಾವಾಗಿಂದ ಗೊತ್ತು?"

"ಎಲ್ಲರಿಗೂ ಗೊತ್ತು ಅಕ್ಕ," ಎಂದ ಅವನೂ ಮೆಲ್ಲಗೆ. "ನಮಗೆ ಗೊತ್ತು ಅನ್ನೋದು ಅಣ್ಣನಿಗೆ ಮಾತ್ರ ಗೊತ್ತಿರಲಿಲ್ಲ."

ಅವಳು ಗೋಡೆಯ ಪಕ್ಕ ನಿಂತವರನ್ನು ನೋಡಿದಳು. ಯಾರೂ ಸತ್ತವನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ಬಲಗೈಯ ಮೇಲಿತ್ತು. ಇಷ್ಟು ದಿನ ಅವರೆಲ್ಲ ಸುಮ್ಮನೆ ನಕ್ಕು ತಂತಿಯಣ್ಣನ ಮರ್ಯಾದೆಯನ್ನು ಕಾಪಾಡಿದ್ದರು ಎಂದು ತಿಳಿದಾಗ ಅವಳಿಗೆ ಆ ದಿನ ಮೊದಲ ಬಾರಿಗೆ ಅಳು ಬಂತು.

ಸ್ಟೂಲಿನ ಹಿಂದೆ ಹೋಗಿ ನಿಂತಳು. ಜಡೆಯ ಹೆಗಲ ಮೇಲೆ ಕೈಯಿಟ್ಟಳು. ಅಗಲವಾದ, ಅಪರಿಚಿತ ಹೆಗಲು.

ಅವನು ಹಾಡು ನುಡಿಸಲಿಲ್ಲ. ದಪ್ಪ ತಂತಿಯಿಂದ ಹಿಡಿದು, ಒಂದೊಂದೇ ಫ್ರೆಟ್ಟು ಮೇಲಕ್ಕೆ ಹತ್ತುತ್ತಾ, ಪರೀಕ್ಷೆ ಮಾಡುವಾಗ ತಂತಿಯಣ್ಣ ಮೀಟುತ್ತಿದ್ದ ಹಾಗೆಯೇ ನಿಧಾನಕ್ಕೆ ಮೀಟುತ್ತಾ ಹೋದ. ಮೊದಲ ತಂತಿ ಚೊಕ್ಕವಾಗಿತ್ತು. ಎರಡನೆಯದೂ ಅಷ್ಟೇ. ಮೂರನೆಯದರಲ್ಲಿ ಅರ್ಧ ದಾರಿ ಹತ್ತಿದ ಮೇಲೆ ಬಾಟಲಿಯೊಳಗೆ ನೊಣ ಎದ್ದಿತು.

ಗೋಡೆಯ ಹತ್ತಿರದ ತಲೆಗಳೆಲ್ಲ ತಗ್ಗಿದವು. ಅವಳು ಒತ್ತದಿದ್ದರೆ ಅವನು ಮುಂದಿನ ತಂತಿಗೆ ಹೋಗುತ್ತಿದ್ದ, ಯಾರೂ ಒಂದು ಮಾತಾಡುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಕೈ ಒಂದು ಕ್ಷಣ ಹಾಗೇ ಕೂತಿತ್ತು.

ಆಮೇಲೆ ಒತ್ತಿದಳು.

ಜಡೆ ನಿಲ್ಲಿಸಿ, ತಿರುಗಿ ನೋಡದೆ, ಅಂಗೈ ಚಾಚಿದ. ಅವಳು ಇನ್ನೊಂದು ಕೈಯ ಮುಷ್ಟಿ ಬಿಚ್ಚಿ ಕೀಲಿ ಕೊಟ್ಟಳು. ಬೆಳಗಿನಿಂದ ಹಿಡಿದು ಹಿಡಿದು ಅದು ಬಿಸಿಯಾಗಿತ್ತು. ಅವನು ತಂತಿಯ ಬುಡದ ಸ್ಕ್ರೂ ಚೂರು ತಿರುಗಿಸಿ ಮತ್ತೆ ಮೀಟಿದ. ಅವಳು ಮತ್ತೆ ಒತ್ತಿದಳು.

ಹೊರಗೆ ಗಾಡಿ ಬಂದು ನಿಂತು ಹಾರ್ನ್ ಹಾಕಿತು. ಹೆಣ ಎತ್ತಲು ಬಗ್ಗಿದವರಿಗೆ ಮೈದುನ ಕೈ ಅಡ್ಡ ಹಿಡಿದು, "ತಡೀರಿ, ಇನ್ನೂ ಆಗಿಲ್ಲ," ಎಂದ.