ಏಣಿಯ ಬುಡಕ್ಕೆ ಐದಡಿ

ಆರ್‌ಪಿಸಿ ಲೇಔಟಿನ ರೇವಣಸಿದ್ದಯ್ಯ ಮೇಷ್ಟ್ರ ಮನೆಪಾಠದ ಹಾಲ್‌ನಲ್ಲಿ ಎಂಟು ಮಣೆ ಹಿಡಿಸುತ್ತಿದ್ದವು, ಒಂಬತ್ತನೆಯದಕ್ಕೆ ಜಾಗವಿರಲಿಲ್ಲ. ಎಂಟನೆಯ ಮಣೆ ಅಪೂರ್ವಳದು. ಅವಳ ತಾಯಿ ಮುನಿತಾಯಮ್ಮ ಅದೇ ಮನೆಯ ಪಾತ್ರೆ ತೊಳೆಯುತ್ತಿದ್ದಳು; ಮಗಳ ಹತ್ತನೇ ಕ್ಲಾಸಿನ ಗಣಿತಕ್ಕೆ ಆ ಪಾತ್ರೆಗಳೇ ಫೀಸು.

ಮೇಷ್ಟ್ರು ಸೂತ್ರಗಳಿಗೆಲ್ಲ ತಾವೇ ಪದ್ಯ ಕಟ್ಟಿ, ಮಕ್ಕಳಿಂದ ತೊಡೆ ತಟ್ಟಿಸಿ ಹಾಡಿಸುತ್ತಿದ್ದರು. ಲಂಬಕೋನ ತ್ರಿಭುಜದ್ದು ಹೀಗಿತ್ತು:

ಓರೆಯ ವರ್ಗದಿ ನಿಂತುದರ ವರ್ಗವ ಕಳೆಯೋ,
ಉಳಿದುದರ ಮೂಲವ ಹುಡುಕೋ,
ಮಲಗಿದ ಭುಜವು ತಾನೆದ್ದು
ತನ್ನಳತೆಯ ನುಡಿವುದು ನೋಡೋ.

ಮುನಿತಾಯಮ್ಮನಿಗೆ ಓದು ಬಾರದು, ಕಿವಿ ಮಾತ್ರ ಬಲು ಹದವಾದದ್ದು. ಅತ್ತಿಗುಪ್ಪೆಯ ಗುಡಿಯಲ್ಲಿ ಶನಿವಾರ ಶನಿವಾರ ಭಾರತ ಓದಿಸುತ್ತಿದ್ದ ಕಾಲಕ್ಕೆ ಅಪ್ಪನ ತೊಡೆಯ ಮೇಲೆ ಕೂತು ಕೇಳಿದವಳು. ಓದುವವರು ಕೊನೆಯ ಸಾಲಿಗೆ ನಿಲ್ಲಿಸಿದರೆ ಕೇಳುವವರು ಮುಗಿಸಬೇಕು. ಪದ್ಯವನ್ನು ಅರ್ಧಕ್ಕೆ ಬಿಡುವುದು ದೇವರ ದೀಪ ಆರಿಸಿದ ಹಾಗೆ ಎನ್ನುತ್ತಿದ್ದ ಅಪ್ಪ. ಈ ಮನೆಯ ಸಿಂಕಿನ ಮುಂದೆ ಎರಡು ವರ್ಷ ನಿಂತು ಮೇಷ್ಟ್ರ ಪದ್ಯಗಳಷ್ಟೂ ಅವಳಿಗೆ ಬಾಯಿಗೆ ಬಂದಿದ್ದವು. ಲೆಕ್ಕಗಳೂ ಬಂದಿದ್ದವು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಸೋಮವಾರ ಎಂಜಿನಿಯರೊಬ್ಬರು ತಮ್ಮ ಮಗಳು ಚೈತನ್ಯಾಳನ್ನು ಕರೆತಂದು ವರಾಂಡದಲ್ಲಿ ಕೂರಿಸಿದರು. ಮೇಷ್ಟ್ರು ಅಪೂರ್ವಳನ್ನು ಬೋರ್ಡಿಗೆ ಕರೆದರು.

“ನೋಡಮ್ಮ, ಇರೋದು ಎಂಟೇ ಮಣೆ. ಒಂದೇ ಒಂದು ಲೆಕ್ಕ ಕೊಡ್ತೀನಿ. ಸರಿಯಾದ್ರೆ ಮಣೆ ನಿಂದು. ತಪ್ಪಿದ್ರೆ ಅಮ್ಮನ ಜೊತೆ ಸಿಂಕಿಗೆ ಹೋಗು. ಅಲ್ಲಿ ಜಾಗ ಬೇಕಾದಷ್ಟಿದೆ.”

ಮಕ್ಕಳು ನಕ್ಕರು.

“ಹದಿಮೂರಡಿ ಏಣಿ ಗೋಡೆಗೆ ಒರಗಿದೆ. ತುದಿ ಹನ್ನೆರಡಡಿ ಎತ್ತರ ಮುಟ್ಟಿದೆ. ಗೋಡೆಯಿಂದ ಏಣಿಯ ಬುಡ ಎಷ್ಟು ದೂರ?”

ಅಪೂರ್ವ ಚಿತ್ರ ಬರೆದಳು. ನೂರ ಅರವತ್ತೊಂಬತ್ತರಲ್ಲಿ ನೂರ ನಲವತ್ತನಾಲ್ಕು ಕಳೆದು ಇಪ್ಪತ್ತೈದು ಎಂದು ಬರೆದಳು. ಸೀಮೆಸುಣ್ಣ ಮುರಿಯಿತು. ತುಂಡನ್ನು ಎತ್ತಿಕೊಳ್ಳಲು ಬಗ್ಗಿದಳು.

ಅಡುಗೆಮನೆಯಲ್ಲಿ ಮುನಿತಾಯಮ್ಮನ ಕೈ ಪದ್ಯದ ತಾಳದಲ್ಲೇ ಇತ್ತು. ಮೂಲ ಹೊಳೆದ ಸಂತೋಷಕ್ಕೆ ಅವಳಿಗೆ ಅರಿವಿಲ್ಲದೆಯೇ ಕೈಯ ಲೋಟ ಕಲ್ಲಿಗೆ ತಾಗಿತು. ಟಣ್, ಟಣ್, ಟಣ್, ಟಣ್, ಟಣ್.

ಅಪೂರ್ವ ಎದ್ದು ಐದು ಎಂದು ಬರೆದಳು.

“ಮುನಿತಾಯಮ್ಮಾ, ಬಾ ಇಲ್ಲಿ,” ಅಂದರು ಮೇಷ್ಟ್ರು. “ಉತ್ತರ ಹೇಳ್ಕೊಟ್ಟೆ ಅಲ್ವಾ?”

ನೊರೆಗೈಯಲ್ಲೇ ಬಂದು ನಿಂತ ಅವಳಿಗೆ ಏನಾಯಿತೆಂಬುದು ಅರ್ಥವಾಯಿತು. ಹುಟ್ಟಿದ ಮೇಲೆ ದೊಡ್ಡದೊಂದು ಸುಳ್ಳು ಹೇಳದವಳು ಈಗ ಹೇಳಿದಳು.

“ಅಯ್ಯೋ ಸಾರ್, ನಂಗ್ಯಾವ ಲೆಕ್ಕ ಬರತ್ತೆ? ಲೋಟ ಜಾರ್ತು ಅಷ್ಟೆ.”

“ಐದು ಸಲ ಜಾರ್ತಾ?”

“ಅಮ್ಮಂಗೆ ಮೊಬೈಲಲ್ಲಿ ನಂಬರ್ ಒತ್ತಕ್ಕೂ ಬರಲ್ಲ ಸಾರ್,” ಎಂದಳು ಅಪೂರ್ವ. ಮಕ್ಕಳು ಮತ್ತೆ ನಕ್ಕರು. ಮೇಷ್ಟ್ರೂ ನಕ್ಕರು. ಎಲ್ಲ ಸರಿಹೋಯಿತು ಎನ್ನಿಸಿತು ಮುನಿತಾಯಮ್ಮನಿಗೆ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತೊಡೆ ತಟ್ಟತೊಡಗಿದರು. ಓರೆಯ ವರ್ಗದಿ ಎಂದು ಎತ್ತಿಕೊಂಡು, ಎಂದೂ ಇಲ್ಲದಷ್ಟು ಇಂಪಾಗಿ ಹಾಡಿದರು. ಮಲಗಿದ ಭುಜವು ತಾನೆದ್ದು ಎಂದವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಮಕ್ಕಳತ್ತ ಬೆರಳೆತ್ತಿ ಸುಮ್ಮನಿರಿಸಿದರು.

ತಾಳ ಮುಂದುವರಿಯುತ್ತಿತ್ತು. ಸಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಮುನಿತಾಯಮ್ಮ ತುಟಿ ಕಚ್ಚಿ ಹಿಡಿದಳು. ಒಂದು ಸುತ್ತು ತಾಳ ಕಳೆಯಿತು, ಎರಡು ಕಳೆಯಿತು. ಮೂರನೆಯದಕ್ಕೆ ಅವಳ ಬಾಯಿ ಅವಳ ಮಾತು ಕೇಳಲಿಲ್ಲ.

“ತನ್ನಳತೆಯ ನುಡಿವುದು ನೋಡೋ.”

ಒಂದಕ್ಷರ ತಪ್ಪಿರಲಿಲ್ಲ.

“ಭೇಷ್,” ಎಂದರು ಮೇಷ್ಟ್ರು. “ಈ ಮನೇಲಿ ಲೆಕ್ಕ ಬರೋದು ಇವಳಿಗೆ.”

“ಸಾರ್, ನಾನೇ ಮಾಡಿದ್ದು. ಇನ್ನೊಂದು ಕೊಡಿ.”

“ಒಂದೇ ಅಂದಿದ್ದೆ.” ಅವರು ಒದ್ದೆ ಬಟ್ಟೆಯನ್ನು ತಾಯಿಯ ಕೈಗಿತ್ತರು. “ಬೋರ್ಡ್ ಒರೆಸಮ್ಮ. ಆ ಹುಡುಗೀನ ಒಳಗೆ ಕರಿ.”

ಮುನಿತಾಯಮ್ಮ ಮೊದಲು ಏಣಿಯನ್ನು ಒರೆಸಿದಳು, ಆಮೇಲೆ ಗೋಡೆಯನ್ನು. ಐದನ್ನು ಕೊನೆಗೆ.

ಅಪೂರ್ವ ಸಿಂಕಿನ ಬಳಿ ನಿಂತು ಲೋಟಗಳನ್ನು ತೊಳೆಯತೊಡಗಿದಳು. ತಾಯಿಯ ಮುಖ ನೋಡಲಿಲ್ಲ. ಹಾಲ್‌ನಲ್ಲಿ ಮೇಷ್ಟ್ರು ಹೊಸ ಹುಡುಗಿಗೆ ಪದ್ಯ ಹೇಳಿಕೊಡುತ್ತಿದ್ದರು. ಕೊನೆಯ ಸಾಲಿಗೆ ನಿಲ್ಲಿಸಿದರು. ಚೈತನ್ಯಾಳಿಗೆ ಅದು ಬರಲಿಲ್ಲ.

ಮುನಿತಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಹೇಳು,” ಎಂದಳು ಅಪೂರ್ವ ಮೆಲ್ಲಗೆ. “ಹೇಳ್ಕೊಡು. ಇನ್ನೇನ್ ಹೋಗತ್ತೆ?”