ಹುಣ್ಣಿಮೆಗೊಮ್ಮೆ ರಜೆ

ನಾನು ಒಂದು ಇಲಿಬೋನು. ಬೇಕಾದಾಗ ಮನೆಯೆಲ್ಲ ಹುಡುಕಾಡುತ್ತಾರೆ, ಕೆಲಸ ಮುಗಿದ ಮೇಲೆ ಕಾಲಿನಿಂದ ಮೂಲೆಗೆ ತಳ್ಳುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ. ದುಡಿಯುವವರ ಪಾಡು ಬಹುತೇಕ ಹೀಗೇ ಇರುತ್ತದೆ.

ಕಲಬುರಗಿಯ ಹಳೇ ಬಜಾರಿನ ಸಂದಿಯೊಂದರಲ್ಲಿ, ಬಾಷುಮಿಯಾ ಎಂಬ ತಗಡಿನ ಕೆಲಸದವನ ತೊಡೆಯ ಮೇಲೆ ನಾನು ಹುಟ್ಟಿದೆ. ನನ್ನ ಗೋಡೆ, ಮಾಡು, ನೆಲ ಎಲ್ಲವೂ ತಂತಿ. ನೆಲಕ್ಕೂ ತಂತಿ ಯಾಕೆ, ತಗಡು ಹಾಕು ಎಂದು ಗಿರಾಕಿಯೊಬ್ಬ ಕೇಳಿದಾಗ, "ಹೊಲಸು ಕೆಳಗ ಬಿದ್ದು ಹೋಗಲಿ ಸಾಬ್, ತೊಳೆಯೋರಿಗಿ ತ್ರಾಸ ಆಗಬಾರದು" ಅಂದ. ಕೊನೆಗೆ ನನ್ನ ಸ್ಪ್ರಿಂಗಿನ ಬಾಗಿಲಿಗೆ ತನ್ನದೇ ಬೆರಳು ಕೊಟ್ಟು ನೋಡಿದ. ಫಟ್ ಅಂತ ಬಿತ್ತು. ಬೆರಳು ಚೀಪುತ್ತಾ ನಕ್ಕ. ನನ್ನ ಜನ್ಮಕ್ಕೆ ಸಿಕ್ಕ ಶಾಭಾಸ್‌ಗಿರಿ ಅದೊಂದೇ.

ಮೊದಲು ಹೋಗಿದ್ದು ಒಂದು ಹಿಟ್ಟಿನ ಗಿರಣಿಗೆ. ಅಲ್ಲಿ ನಾನು ಒಂದು ದಿನವೂ ಖಾಲಿ ಇರಲಿಲ್ಲ. ಬೆಳಗಾದರೆ ಕೆಲಸದ ಆಳು ನನ್ನನ್ನು ಎತ್ತಿ, ನೀರು ತುಂಬಿದ ಬಕೀಟಿನಲ್ಲಿ ಇಳಿಬಿಡುತ್ತಿದ್ದ. ಮೊದಲು ಗುಳ್ಳೆಗಳು ಬರುತ್ತಿದ್ದವು, ಆಮೇಲೆ ನಿಲ್ಲುತ್ತಿದ್ದವು. ನಾನು ಒದ್ದೆಯಾಗುತ್ತಿದ್ದೆ, ಒಳಗಿನಿಂದಲೂ ಹೊರಗಿನಿಂದಲೂ.

ಆ ಗಿರಣಿಯಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸು ವಿಮಲಾಬಾಯಿ. ಗಲ್ಲಿಯವರ ಬಾಯಲ್ಲಿ ಇಮಲವ್ವ. ಬಕೀಟು ಬಂತೆಂದರೆ ಅವಳು ಕೇರುವ ಮರ ಕೆಳಗಿಟ್ಟು ಹೊರಗೆ ಹೋಗಿಬಿಡುವಳು. "ಬೌದ್ಧರಾದ ಮ್ಯಾಲ ಇಲಿ ನಿಮಗ ಬೀಗರೇನು?" ಎಂದು ಆಳು ಕಿಚಾಯಿಸಿದರೆ, "ಬೀಗರಾಗಿದ್ರ ನಿನ್ನಂಗ ಕೈ ಬೀಸಿಕೋತ ಬರ್ತಿದ್ದಿಲ್ಲ, ಏನರೆ ತರ್ತಿದ್ದವು" ಅನ್ನುವಳು. ಗಿರಣಿ ಮುಚ್ಚಿದ ದಿನ ಮಾಲೀಕ ಇದ್ದಬದ್ದ ಸಾಮಾನನ್ನು ಕೆಲಸದವರಿಗೆ ಹಂಚಿದ. ಒಬ್ಬರಿಗೆ ತಕ್ಕಡಿ, ಒಬ್ಬರಿಗೆ ಗೋಣಿಚೀಲದ ಗಂಟು, ಇಮಲವ್ವನ ಪಾಲಿಗೆ ನಾನು.

ಇಮಲವ್ವನ ಮನೆ ಎರಡೇ ಖೋಲಿಯದು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಟಂಟಂ ಆಟೋ ಓಡಿಸುವ ಮಗ ಮಿಲಿಂದ, ಸೊಸೆ ವನಮಾಲಾ. ಅಲ್ಲಿ ಬಕೀಟಿನ ಭಯ ನನಗೆ ತಪ್ಪಿತು. ಇಲಿ ಬಿದ್ದರೆ ಇಮಲವ್ವ ನಾಲಾದ ದಂಡೆಗೆ ಒಯ್ದು ಬಿಟ್ಟು ಬರುತ್ತಿದ್ದಳು. "ಇಮಲವ್ವನ ಇಲಿಗೋಳು ಮುಂಜಾನಿ ವಾಕಿಂಗ್ ಹೋಗಿ ಮಧ್ಯಾಹ್ನ ಊಟಕ್ಕ ವಾಪಸ್ ಬರ್ತಾವ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಿಜವೇ. ಒಂದೇ ಕಿವಿಯ ಗಂಡಿಲಿಯೊಂದು ನನ್ನೊಳಗೆ ಮೂರು ಸಲ ಬಿದ್ದಿತ್ತು.

ಹುಣ್ಣಿಮೆ ಬಂದರೆ ನನಗೆ ರಜೆ. ಹಿಂದಿನ ಸಂಜೆಯೇ ಇಮಲವ್ವ ನನ್ನ ಬಾಗಿಲಿಗೆ ಬಿಳಿ ದಾರ ಕಟ್ಟಿ, ನನ್ನನ್ನು ಬೋರಲು ಮಲಗಿಸುವಳು. ಮರುದಿನ ಬಿಳಿ ಸೀರೆಯುಟ್ಟು ಓಣಿಯ ಬುದ್ಧವಿಹಾರಕ್ಕೆ ಹೋಗಿ ಎಂಟು ಶೀಲ ತೆಗೆದುಕೊಂಡು ಬರುವಳು. ಕೊಲ್ಲಬಾರದು, ಕದಿಯಬಾರದು, ಸುಳ್ಳಾಡಬಾರದು, ಸೂರ್ಯ ನೆತ್ತಿ ದಾಟಿದ ಮೇಲೆ ಉಣ್ಣಬಾರದು, ಹೀಗೆ. ಎತ್ತರದ ಹಾಸಿಗೆಯೂ ಇಲ್ಲ. ಆ ರಾತ್ರಿ ಅವಳು ಮಂಚ ಬಿಟ್ಟು ನೆಲದ ಮೇಲೆ ಚಾಪೆ ಹಾಸುವಳು, ನನ್ನ ಪಕ್ಕದಲ್ಲೇ. ತಿಂಗಳೆಲ್ಲ ಮನುಷ್ಯರ ಹಿಮ್ಮಡಿ ನೋಡುವ ನನಗೆ ಆ ಒಂದು ದಿನ ಒಂದು ಮುಖ ಸಮಸಮಕ್ಕೆ ಸಿಗುತ್ತಿತ್ತು. "ಪಾಣಾತಿಪಾತಾ ವೇರಮಣಿ" ಎಂದು ಅವಳು ಗೊಣಗಿಕೊಳ್ಳುವುದನ್ನು ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಕೊಲ್ಲುವುದರಿಂದ ದೂರ ಇರುತ್ತೇನೆ ಅಂತ ಅದರ ಅರ್ಥ. ಬೋನಿನ ಬಾಯಲ್ಲಿ ಈ ಮಾತು ಕೇಳಿ ಯಾರಾದರೂ ನಕ್ಕರೆ ನಾನು ತಡೆಯಲಾರೆ.

ಆಮೇಲೆ ಕೂಸು ಹುಟ್ಟಿತು. ಮಿಲಿಂದನ ಮಗಳು. ಬಾಣಂತನ ಮುಗಿಸಿ ವನಮಾಲಾ ತವರಿನಿಂದ ಬಂದ ಹದಿನೈದು ದಿನಕ್ಕೆ, ಒಂದು ನಸುಕಿನಲ್ಲಿ, ಕೂಸು ಚಿಟ್ಟನೆ ಚೀರಿತು. ಬಲಗೈಯ ಕಿರುಬೆರಳಲ್ಲಿ ರಕ್ತ. ಹಾಲಿನ ವಾಸನೆಗೆ ಇಲಿ ಬಂದಿತ್ತು. ದವಾಖಾನೆಗೆ ಓಡಿದರು, ಸೂಜಿ ಹಾಕಿಸಿದರು. ಅಂದಿನಿಂದ ವನಮಾಲಾ ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಕೂತಲ್ಲೇ ತೂಕಡಿಸಿ, ಬೆಚ್ಚಿ ಎದ್ದು, ಕೂಸಿನ ಬೆರಳು ಎಣಿಸುವಳು.

ಬುದ್ಧ ಹುಣ್ಣಿಮೆಯ ಹಿಂದಿನ ಸಂಜೆ ಇಮಲವ್ವ ಎಂದಿನಂತೆ ದಾರ ಕಟ್ಟಿದಳು. ಅವಳು ಮಲಗಿದ ಮೇಲೆ ವನಮಾಲಾ ಬಂದು, ಹಲ್ಲಿನಿಂದ ದಾರ ಕಡಿದು, ಕೊಕ್ಕೆಗೆ ಕೊಬ್ಬರಿ ಚೂರು ಸಿಕ್ಕಿಸಿದಳು.

ಬಿದ್ದಿತು. ದೊಡ್ಡ ಇಲಿ.

ಬೆಳಿಗ್ಗೆ ಶೀಲ ತೆಗೆದುಕೊಂಡು ಬಿಳಿ ಸೀರೆಯಲ್ಲಿ ಒಳಗೆ ಬಂದ ಇಮಲವ್ವನಿಗೆ ಕಂಡದ್ದು ನಾನು, ಒಳಗೆ ಗಿರಗಿರ ತಿರುಗುವ ಇಲಿ, ಪಕ್ಕದಲ್ಲಿ ತುಂಬಿದ ಬಕೀಟು, ತೋಳು ಮಡಚಿ ನಿಂತ ಮಗ.

"ಮಿಲ್ಯಾ, ಇವತ್ತ ಬ್ಯಾಡ."

"ಅವ್ವಾ, ನಿನ್ನ ಶೀಲ ಗೀಲ ಎಲ್ಲಾ ಬಾಜೂಕ ಇಡು. ಅದು ನನ್ನ ಮಗಳ ರಕ್ತ ಕುಡದದ."

"ಕುಡದಿಲ್ಲಪ್ಪ. ಕಡದದ."

"ವಕೀಲಕಿ ಮಾಡಬ್ಯಾಡ."

"ದೂರ ಒಯ್ದು ಬಿಡತೀನಿ. ನಾಲಾಕ್ಕಲ್ಲ, ಊರ ಹೊರಗ."

ವನಮಾಲಾ ಒಳಗಿನಿಂದಲೇ ಹೇಳಿದಳು, ದನಿ ಏರಿಸದೆ. "ಯಾರು ಏನರೆ ಮಾಡ್ರಿ. ಇಲಿ ಇದ್ದ ಮನ್ಯಾಗ ನನ್ನ ಕೂಸು ಇರಂಗಿಲ್ಲ. ಅಣ್ಣಗ ಫೋನ್ ಮಾಡೀನಿ, ಸಂಜಿಗಿ ಕರಕೊಂಡು ಹೋಗಲಿಕ್ಕ ಬರ್ತಾನ."

ಮಿಲಿಂದ ಬಕೀಟನ್ನು ಬಾಗಿಲ ಬಳಿಗೆ ಎಳೆದಿಟ್ಟ. "ಸಂಜಿತನಾ ಟೈಮ್ ಅದ ಅವ್ವ. ನಾ ಬಂದಾಗ ಈ ಇಲಿ ಕಂಡ್ರ, ನೀರು ತಯಾರ ಅದ." ನಿನ್ನ ಗಾಡಿಯಲ್ಲಿ ಕರೆದುಕೊಂಡು ಹೋಗು ಎಂದು ಅವಳು ಕೇಳಲಿಲ್ಲ. ಅವನೂ ಕರೆಯಲಿಲ್ಲ.

ಅವಳು ಉಣ್ಣದೆ ಹೊರಟಳು. ವೈಶಾಖದ ಬಿಸಿಲು. ನನ್ನ ಮೇಲೊಂದು ಟವೆಲ್ ಹೊದಿಸಿ, ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು. ಒಳಗೆ ಇಲಿಯ ಎದೆ ನನ್ನ ತಂತಿಗೆ ಬಡಿಯುತ್ತಿತ್ತು, ಹೊರಗೆ ಇಮಲವ್ವನದು. ಎರಡರ ನಡುವೆ ನಾನು.

"ಏನದ ಆಯಿ ಅದರಾಗ? ಕೋಳಿ ಏನು?" ಕಂಡಕ್ಟರ್ ಕೇಳಿದ.

ಬೇರೆ ದಿನವಾಗಿದ್ದರೆ ಹೌದು ಅಂದುಬಿಡುತ್ತಿದ್ದಳೇನೋ. ಇಂದು ಸುಳ್ಳಾಡುವಂತಿಲ್ಲ. "ಇಲಿ ಅದಪ್ಪ. ಊರ ಹೊರಗ ಬಿಡಲಿಕ್ಕ ಒಯ್ಯಾಕತ್ತೀನಿ."

ಪಕ್ಕದ ಸೀಟಿನವಳು ಕಾಲು ಮೇಲೆತ್ತಿಕೊಂಡಳು. ಬಸ್ಸಿಡೀ ತಿರುಗಿ ನೋಡಿತು. ಕಂಡಕ್ಟರ್ ಬಿಳಿ ಸೀರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ನಗೆ ತಡೆದುಕೊಂಡ. "ನಿನಗ ಫ್ರೀ ಅದ ಆಯಿ. ಇದಕ್ಕ ಹೆಂಗ? ಹೆಣ್ಣಿದ್ರ ಫ್ರೀ, ಗಂಡಿದ್ರ ಟಿಕೀಟ ತಗೋಬೇಕು. ನೋಡಿ ಹೇಳು."

ಎಲ್ಲರೂ ನಕ್ಕರು. ಚೇಷ್ಟೆ ಎಂದು ಅವಳಿಗೂ ಗೊತ್ತು. ಆದರೂ ಕೇಳಿದ್ದಕ್ಕೆ ಸರಿಯಾಗಿ ಹೇಳಬೇಕಲ್ಲ ಎಂದು ಟವೆಲ್ ಸರಿಸಿ, ನನ್ನನ್ನು ಎರಡೂ ಕೈಯಿಂದ ತಲೆಗಿಂತ ಮೇಲಕ್ಕೆತ್ತಿ, ಕೆಳಗಿನಿಂದ ನೋಡಿದಳು. ಬಾಷುಮಿಯಾನ ತಂತಿಯ ನೆಲ ಅಂದು ಕೆಲಸಕ್ಕೆ ಬಂತು.

ಅವಳ ನಗೆ ಮುಖದಲ್ಲೇ ಉಳಿದು ಒಣಗಿತು. ಇಲಿಯ ಹೊಟ್ಟೆಯ ಉದ್ದಕ್ಕೂ ಮೊಲೆಗಳು ಬಾತಿದ್ದವು. ಸುತ್ತಲಿನ ಕೂದಲು ಮರಿಗಳು ಚೀಪಿ ಚೀಪಿ ಒದ್ದೆಯಾಗಿ ಅಂಟಿತ್ತು.

"ಯಾಕ ಆಯಿ, ಏನಾಯ್ತು?"

"ಹೆಣ್ಣದಪ್ಪ. ಬಸ್ ನಿಂದರಸು, ಇಳಿತೀನಿ."

ರಸ್ತೆಯ ಬದಿಯಲ್ಲಿ ಅವಳು ಬಹಳ ಹೊತ್ತು ನಿಂತಳು. ಎದುರಿಗೇ ಬಯಲು. ಬಾಗಿಲು ಎತ್ತಿದರೆ ಮುಗಿಯಿತು, ಕೊಟ್ಟ ಮಾತೂ ಉಳಿಯುತ್ತದೆ. ಆದರೆ ಮನೆಯ ಯಾವುದೋ ಸಂದಿಯಲ್ಲಿ ಮರಿಗಳು ಹಸಿದು ಸಾಯುತ್ತವೆ. ವಾಪಸ್ ಒಯ್ದರೆ ಕೂಸು ಹೋಗುತ್ತದೆ, ಮನೆ ಒಡೆಯುತ್ತದೆ. ಅವಳ ಬೆರಳು ನನ್ನ ಬಾಗಿಲ ಮೇಲೆ ಬಂತು, ಹೋಯಿತು, ಮತ್ತೆ ಬಂತು. ನನಗೆ ತಿಳಿದಿರುವುದು ಮುಚ್ಚುವ ಕೆಲಸ ಒಂದೇ. ತೆರೆಯುವುದು ಯಾವತ್ತೂ ಮನುಷ್ಯರ ಕೈಯಲ್ಲಿದೆ.

ಟವೆಲನ್ನು ಮತ್ತೆ ಹೊದಿಸಿದಳು. ವಾಪಸ್ ಬಸ್ಸು ಸಿಗಲಿಲ್ಲ. ನಡೆದು ಮನೆ ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿ ದಾಟಿದ್ದ. ವನಮಾಲಾ ಅವಳಿಗೆಂದು ತೆಗೆದಿಟ್ಟಿದ್ದ ಖೀರಿನ ಬಟ್ಟಲ ಮೇಲೆ ತಟ್ಟೆ ಮುಚ್ಚಿತ್ತು. ಇನ್ನು ಅದನ್ನು ಮುಟ್ಟುವಂತಿಲ್ಲ.

ಹೊಸ್ತಿಲಲ್ಲಿ ಕೂಸಿಗೆ ಹಾಲೂಡಿಸುತ್ತಾ ಕೂತಿದ್ದ ವನಮಾಲಾಳ ಪಕ್ಕದಲ್ಲಿ ಕಟ್ಟಿಟ್ಟ ಬ್ಯಾಗು. ನನ್ನನ್ನು ಕಂಡು ಅವಳ ಮುಖ ಗಟ್ಟಿಯಾಯಿತು.

"ಯಾಕ ವಾಪಸ್ ತಂದ್ರಿ ಅತ್ತಿ?"

"ಬಾಣಂತಿ ಅದವ್ವ ಇದು. ಮರಿ ನಮ್ಮನ್ಯಾಗೇ ಅವ."

"ನನ್ನ ಕೂಸಿಗಿ ಕಡದದ ಅದು."

"ಹೌದು."

"ನೀವು ನಮ್ಮ ಕಡಿಯವರೊ, ಅದರ ಕಡಿಯವರೊ? ಇವತ್ತ ಸುಳ್ಳ ಹೇಳಂಗಿಲ್ಲ ಅಂತೀರಲ್ಲ, ಹೇಳ್ರಿ."

ಇಮಲವ್ವ ನನ್ನನ್ನು ಕೆಳಗಿಟ್ಟು ಹೊಸ್ತಿಲ ಬಳಿ ಕೂತಳು. "ನಿಮ್ಮ ಕಡಿ ಅಂದ್ರ ಮರಿ ಸಾಯತಾವ. ಅದರ ಕಡಿ ಅಂದ್ರ ನೀ ಹೋಗತಿ. ನನಗ ತಿಳೀವಲ್ದು ವನಮಾಲಾ. ಅದಕ್ಕ ನಿನ್ನ ಹಂತ್ಯಾಕ ತಂದೀನಿ."

ವನಮಾಲಾ ಕೂಸನ್ನು ಎದೆಯಿಂದ ಬಿಡಿಸಿ ಅತ್ತೆಯ ಮಡಿಲಿಗೆ ಹಾಕಿದಳು. ಸೆರಗು ಸಿಕ್ಕಿಸಿ, ಕಸಬರಿಗೆ ಹಿಡಿದು ಒಳಗೆ ಹೋದಳು. ಹೊಡೆಯಲೋ ಹುಡುಕಲೋ, ನನಗೆ ತಿಳಿಯಲಿಲ್ಲ. ಡಬ್ಬಿಗಳು ಸರಿದವು, ಒಲೆಯ ಹಿಂಭಾಗ ಕಸಬರಿಗೆ ಆಡಿತು. ಕೊನೆಗೆ ಅವಳು ಮಂಚದ ಕೆಳಗಿಂದ ಹಳೇ ಕೌದಿಯ ಗಂಟನ್ನು ಎಳೆದಳು. ಅವಳೂ ಕೂಸೂ ದಿನಾ ಮಲಗುತ್ತಿದ್ದ ಜಾಗದ ಪಕ್ಕದಲ್ಲೇ.

ಸಣ್ಣ ಕೀಚಲು ದನಿ. ನನ್ನೊಳಗಿನ ತಾಯಿ ಇಲಿ ತಟ್ಟನೆ ನಿಂತಿತು.

ಗಂಟಿನ ನಡುವೆ ಒಂದು ಗೂಡು. ನೀಲಿ ಉಣ್ಣೆಯ ಎಳೆಗಳ ಮೇಲೆ ಕೆಂಪಗಿನ ಐದಾರು ಮರಿಗಳು. ಆ ನೀಲಿಯನ್ನು ವನಮಾಲಾ ಗುರುತು ಹಿಡಿದಳು. ಕೂಸಿನ ತಲೆಗೆ ಕಟ್ಟುತ್ತಿದ್ದ ಕುಂಚಿಗಿ. ಅದು ಕಳೆದಾಗ ಪಕ್ಕದ ಮನೆಯವಳ ಮೇಲೆ ಗುಮಾನಿ ಪಟ್ಟು ಎಂಟು ದಿನ ಮಾತು ಬಿಟ್ಟಿದ್ದಳು. ಕಸಬರಿಗೆ ಹಿಡಿದ ಕೈ ಮೇಲೆದ್ದಿತು. ಮೇಲೆಯೇ ನಿಂತಿತು. ಇಮಲವ್ವ ಹೊಸ್ತಿಲಿಂದ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಹೇಳಿದರೆ ಆ ಹಟಕ್ಕೇ ಏಟು ಬಿದ್ದುಬಿಡುತ್ತದೆ ಎಂಬ ಭಯವಿತ್ತೋ ಏನೋ.

"ಇನ್ನಾ ಕಣ್ಣೇ ತೆರದಿಲ್ಲ" ಎಂದಳು ವನಮಾಲಾ. ಯಾರಿಗೂ ಅಲ್ಲ.

ಕಸಬರಿಗೆ ಕೆಳಗಿಟ್ಟಳು. ಗೂಡನ್ನು ಇದ್ದ ಹಾಗೆಯೇ ಎರಡೂ ಕೈಯಲ್ಲಿ ಬಾಚಿ ತಂದು ನನ್ನ ಮುಂದಿಟ್ಟಳು. ಈಗ ಬಾಗಿಲು ಎತ್ತಬೇಕು. ಎತ್ತಿದರೆ ಇಲಿ ಹಾರಿ ಓಡಬಹುದು, ಕೂಸು ಎರಡು ಮಾರು ದೂರದಲ್ಲಿದೆ. ವನಮಾಲಾ ಉಸಿರು ಬಿಗಿಹಿಡಿದು ಬೆರಳು ತೂರಿಸಿ, ಎತ್ತಿದಳು.

ಇಲಿ ಬಾಗಿಲಿಗೆ ಬಂತು. ಮೂಗು ಹೊರಗೆ ಹಾಕಿತು. ಎದುರಿಗೆ ತೆರೆದ ಮನೆ. ಅದು ಹೊರಗೆ ಹಾರಲಿಲ್ಲ. ಒಂದು ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿ ಒಳಗೆ ಎಳೆದುಕೊಂಡಿತು. ಮತ್ತೆ ಬಂತು, ಇನ್ನೊಂದು. ಕೊನೆಯ ಮರಿ ಒಳಗಾದ ಮೇಲೆ ವನಮಾಲಾ ಕುಂಚಿಗಿಯ ಚೂರನ್ನೂ ತೂರಿಸಿ, ನನ್ನ ಬಾಗಿಲನ್ನು ಸದ್ದಾಗದಂತೆ ಇಳಿಸಿದಳು. ಅಷ್ಟು ಮೆತ್ತಗೆ ನನ್ನನ್ನು ಯಾರೂ ಮುಚ್ಚಿರಲಿಲ್ಲ.

ಸಂಜೆ ಮಿಲಿಂದ ಬಂದ. ನನ್ನನ್ನು ಕಂಡವನೇ ತೋಳು ಏರಿಸಿ ಬಕೀಟಿನ ಕಡೆ ತಿರುಗಿದ. ಹೆಂಡತಿ ಅಡ್ಡ ಬಂದಳು.

"ಮೊದಲ ನೋಡ್ರಿ."

"ಏನ್ ನೋಡೋದು ಅದರಾಗ?"

ಅವಳು ನನ್ನನ್ನೆತ್ತಿ ಅವನ ಕಣ್ಣಿಗೆ ಹಿಡಿದಳು. ತಂತಿಯ ನೆಲಕ್ಕೆ ಒತ್ತಿದ ಹೊಟ್ಟೆ, ಅದಕ್ಕೆ ಸಾಲಾಗಿ ಹತ್ತಿದ ಮರಿಗಳು. ಅವನು ನೋಡಿದ. ಆಮೇಲೆ ಅಜ್ಜಿಯ ಮಡಿಲಲ್ಲಿ ಮಲಗಿದ್ದ ಮಗಳನ್ನು ನೋಡಿದ. ಬಕೀಟು ಎತ್ತಿಕೊಂಡು ಹೊರಗೆ ಹೋಗಿ, ಆ ನೀರಿನಿಂದ ಟಂಟಂ ತೊಳೆಯತೊಡಗಿದ.

"ಸಿಟ್ಟೆಲ್ಲಾ ಗಾಡಿ ಮ್ಯಾಲ ತೀರಸಬ್ಯಾಡ" ಅಂದಳು ಇಮಲವ್ವ.

"ಸಿಟ್ಟಲ್ಲ. ಇಷ್ಟ ಮಂದಿ ಕೂಡ್ತೀರಿ, ಸೀಟರೆ ಸ್ವಚ್ಛ ಇರಲಿ."

ವನಮಾಲಾ ಅಣ್ಣನಿಗೆ ಫೋನ್ ಮಾಡಿ, ಬರಬೇಡ ಅಂದಳು. ಊರು ದಾಟಿ, ಹೊಲಗಳು ಶುರುವಾಗುವಲ್ಲಿ ಗಾಡಿ ನಿಂತಾಗ ಚಂದ್ರ ಮೂಡಿದ್ದ. ನನ್ನನ್ನು ಬದುವಿನ ಪೊದೆಯ ಬುಡದಲ್ಲಿಟ್ಟು ಬಾಗಿಲಿಗೆ ಕಡ್ಡಿ ಕೊಟ್ಟರು. ಒಂದೊಂದೇ ಮರಿ ಕಚ್ಚಿಕೊಂಡು ಇಲಿ ಆರು ಸಲ ಹೋಯಿತು, ಐದು ಸಲ ವಾಪಸ್ ಬಂತು. ಕೊನೆಯ ಸಲ ಬರಲಿಲ್ಲ. ಅವು ಉಳಿದವೋ ಗೂಗೆಯ ಪಾಲಾದವೋ ನನಗೆ ಗೊತ್ತಿಲ್ಲ. ಆ ರಾತ್ರಿ ಇಮಲವ್ವ ಚಾಪೆಯ ಮೇಲೆ ನನ್ನ ಪಕ್ಕ ಮಲಗಿದಳು. ಅವಳ ಹೊಟ್ಟೆಯೂ ಖಾಲಿ, ನನ್ನದೂ ಖಾಲಿ.

ಈಗ ಇಮಲವ್ವ ಇಲ್ಲ. ನನ್ನ ಸ್ಪ್ರಿಂಗು ಸಡಿಲಾಗಿದೆ, ತಂತಿಗೆ ತುಕ್ಕು ಬಂದಿದೆ. ಕಿರುಬೆರಳಲ್ಲಿ ಕಲೆಯಿರುವ ಹುಡುಗಿ ಶಾಲೆಗೆ ಹೋಗುತ್ತಾಳೆ. ವನಮಾಲಾ ಇಂದಿಗೂ ಎಂಟು ಶೀಲ ತೆಗೆದುಕೊಂಡವಳಲ್ಲ. ಹೊತ್ತಿಗೆ ಉಣ್ಣದಿದ್ದರೆ ತಲೆ ಸುತ್ತುತ್ತದೆ ಅನ್ನುತ್ತಾಳೆ. ಆದರೆ ಹುಣ್ಣಿಮೆಯ ಹಿಂದಿನ ಸಂಜೆ ನನ್ನ ಬಾಗಿಲಿಗೆ ದಾರ ಕಟ್ಟುವುದನ್ನು ಮರೆತಿಲ್ಲ. ಉಳಿದ ದಿನಗಳಲ್ಲಿ ಬಕೀಟು ಬರುವುದು ನಿಂತಿದೆ ಎಂದೇನೂ ನಾನು ಹೇಳಲಾರೆ. ಈ ಮನೆಯಲ್ಲಿ ಮಕ್ಕಳಿದ್ದಾರೆ, ಕಾಳುಕಡಿ ಇದೆ, ಇಲಿಗಳೂ ಇವೆ.

ಒಂದು ಮಾತ್ರ ಬದಲಾಗಿದೆ. ಜನ್ಮವಿಡೀ ನಾನು ಮನುಷ್ಯರನ್ನು ಕೆಳಗಿನಿಂದ ನೋಡಿದವನು. ಈಗ ಈ ಮನೆಯಲ್ಲಿ ಯಾರು ನನ್ನನ್ನು ಎತ್ತಿಕೊಂಡರೂ, ಬಕೀಟಿನ ಬಳಿ ಹೋಗುವ ಮೊದಲು ತಲೆಗಿಂತ ಮೇಲಕ್ಕೆ ಹಿಡಿದು, ಕತ್ತು ಹಿಂದೆ ಮಾಡಿ, ಕೆಳಗಿನಿಂದ ನೋಡುತ್ತಾರೆ.